ವಿಡಿಯೋ ಆಟಗಳ ಹಿಮ್ಮೇಳ

ಹೊಸಪೇಟೆಯಿಂದ ಹಂಪೆಗೆ ಹೋಗುವ ಮಾರ್ಗದಲ್ಲಿರುವ ಮಲಪನಗುಡಿಯ ಸುತ್ತಣ ಸೀಮೆಯಲ್ಲಿ ‘ಆಟ’ವೆಂದರೆ ಬಹುಕಾಲ ಬಯಲಾಟವೆಂದೇ ಅರ್ಥವಾಗಿದ್ದಿತು. ಅದರ ಭಾಗವತನು ವೇಷಧಾರಿಯ ಹೆಜ್ಜೆಯನ್ನು ನೋಡಿಕೊಂಡೇ ಹಾಡುವನು. ಯುದ್ಧಪ್ರಸಂಗವು ಬಂದೊಡನೆ ಮದ್ದಳೆಯ ಗತಿಯು ತ್ವರಿತವಾಗುವುದು. ಕುಣಿತವು ಮುಗಿಯುವವರೆಗೂ ಪಲ್ಲವಿಯು ಪುನಃ ಪುನಃ ಬರುವುದು. ಇಂದು ಅದೇ ಸೀಮೆಯ ಬಾಲಕರು ಮೊಬೈಲಿನಲ್ಲಿ ಆಡುವ ಆಟಗಳಿಗೂ ಸಂಗೀತವುಂಟು. ಆ ಸಂಗೀತವು ನಡೆದುಬಂದ ದಾರಿಯನ್ನು ಪರಿಶೀಲಿಸಿದರೆ, ಯಂತ್ರವು ಬಹು ಪ್ರಯಾಸದಿಂದ ಭಾಗವತನ ವಿದ್ಯೆಯನ್ನೇ ಕಲಿಯುತ್ತ ಬಂದಿತೆಂಬುದು ವಿಶದವಾಗುವುದು.

1972ರಲ್ಲಿ ಅಮೆರಿಕೆಯ ಅಟಾರಿ ಸಂಸ್ಥೆಯು ಹೊರತಂದ ‘ಪಾಂಗ್’ ಆಟದಲ್ಲಿ ಸಂಗೀತವೇ ಇರಲಿಲ್ಲ. ಚೆಂಡು ತಗುಲಿದಾಗ ಒಂದು ಕಿರುನಾದವು ಮಾತ್ರ ಕೇಳಿಸುತ್ತಿದ್ದಿತು. 1978ರಲ್ಲಿ ಜಪಾನಿನ ಟೋಮೋಹಿರೋ ನಿಶಿಕಾಡೋ ಎಂಬವರು ನಿರ್ಮಿಸಿದ ‘ಸ್ಪೇಸ್ ಇನ್ವೇಡರ್ಸ್’ ಆಟದಲ್ಲಿ ನಾಲ್ಕು ಮಂದ್ರಸ್ವರಗಳು ಅವರೋಹಣಕ್ರಮದಿಂದ ಆವರ್ತಿಸುತ್ತ, ಶತ್ರುಪಡೆಯ ವೇಗವು ಹೆಚ್ಚಿದಂತೆಲ್ಲ ತಾವೂ ತ್ವರಿತವಾದವು. ಸ್ವರಗಳು ನಾಲ್ಕೇ ಆದರೂ ಲಯವು ಆಟದೊಡನೆ ಬೆರೆತಿದ್ದಿತು.

1983ರಲ್ಲಿ ಬಂದ ನಿಂಟೆಂಡೋ ಸಂಸ್ಥೆಯ ಫ್ಯಾಮಿಕಾಮ್ ಯಂತ್ರಕ್ಕೆ ಐದೇ ನಾದಮಾರ್ಗಗಳು. ಅವುಗಳಲ್ಲಿ ಸ್ವರರಚನೆಗೆ ಒದಗತಕ್ಕವು ಮುಖ್ಯವಾಗಿ ಮೂರು. ಈ ಅಲ್ಪಸಾಮಗ್ರಿಯಿಂದಲೇ ಕೋಜಿ ಕೋಂಡೋ ಅವರು 1985ರಲ್ಲಿ ‘ಸೂಪರ್ ಮಾರಿಯೋ ಬ್ರದರ್ಸ್’ ಆಟಕ್ಕೆ ಮಟ್ಟುಗಳನ್ನು ಕಟ್ಟಿದರು. ಅಲಂಕಾರಕ್ಕೆ ಅವಕಾಶವಿಲ್ಲದಿದ್ದುದರಿಂದ ಮಟ್ಟೇ ಸತ್ತ್ವಯುತವಾಗಬೇಕಾಯಿತು. ನೂರಾರು ಸಲ ಕೇಳಿದರೂ ಬೇಸರ ಬಾರದಂತಹ ಪಲ್ಲವಿಯನ್ನು ರಚಿಸುವುದು ಸಾಮಾನ್ಯವಾದ ವಿದ್ಯೆಯಲ್ಲ.

1990ರ ದಶಕದಲ್ಲಿ ಸಿ.ಡಿ. ತಟ್ಟೆಗಳು ಬಳಕೆಗೆ ಬಂದಮೇಲೆ ಸಾಕ್ಷಾತ್ ವಾದ್ಯವೃಂದದ ಧ್ವನಿಯನ್ನೇ ಮುದ್ರಿಸಿ ಕೇಳಿಸುವುದು ಸಾಧ್ಯವಾಯಿತು. ನಾದವು ಸಂಪನ್ನವಾಯಿತು; ಆದರೆ ಒಮ್ಮೆ ಮುದ್ರಿತವಾದ ಸಂಗೀತಕ್ಕೆ ಆಟಗಾರನ ಹೆಜ್ಜೆಯನ್ನನುಸರಿಸಿ ಬಾಗುವುದು ಸುಲಭವಲ್ಲ. ಈ ಅನುಸರಣೆಗಾಗಿ ಲ್ಯೂಕಾಸ್ ಆರ್ಟ್ಸ್ ಸಂಸ್ಥೆಯ ಮೈಕೇಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್ ಎಂಬವರು ರಚಿಸಿದ್ದ ಕ್ರಮವು 1991ರಲ್ಲಿಯೇ ‘ಮಂಕಿ ಐಲೆಂಡ್’ ಆಟದ ಎರಡನೆಯ ಭಾಗದಲ್ಲಿ ಪ್ರಯೋಗಕ್ಕೆ ಬಂದಿದ್ದಿತು. ಪಾತ್ರವು ಒಂದೆಡೆಯಿಂದ ಮತ್ತೊಂದೆಡೆಗೆ ಹೋದರೆ ಒಂದು ಮಟ್ಟು ತಾಳ ತಪ್ಪದೆ ಮತ್ತೊಂದರೊಳಗೆ ಸೇರುತ್ತಿದ್ದಿತು. ಈಗಿನ ಅನೇಕ ಆಟಗಳಲ್ಲಿ ಸಂಗೀತವನ್ನು ಪದರಗಳಾಗಿ ವಿಂಗಡಿಸಿಟ್ಟು, ಅಪಾಯವು ಬಂದಾಗ ಒಂದು ಪದರವನ್ನು ಕೂಡಿಸುವರು, ಶಾಂತಿಯಾದಾಗ ತೆಗೆದುಬಿಡುವರು.

ಈ ವಿದ್ಯೆಗೆ ಮನ್ನಣೆಯೂ ದೊರೆಯಿತು. ‘ಸಿವಿಲೈಸೇಶನ್ 4’ ಆಟಕ್ಕಾಗಿ ಕ್ರಿಸ್ಟೋಫರ್ ಟಿನ್ ಅವರು ಸ್ವಾಹಿಲಿ ಭಾಷೆಯಲ್ಲಿ ಸಂಯೋಜಿಸಿದ ಪ್ರಾರ್ಥನೆಗೆ 2011ರಲ್ಲಿ ಗ್ರ್ಯಾಮಿ ಪ್ರಶಸ್ತಿಯು ಬಂದಿತು. 2023ರಿಂದ ಆಟದ ಸಂಗೀತಕ್ಕೆ ಅಲ್ಲಿ ಪ್ರತ್ಯೇಕ ವಿಭಾಗವೇ ಉಂಟು.

ಆಫ್ರಿಕೆಯ ನುಡಿಗೆ ದೊರೆತ ಸ್ಥಾನವು ಬಯಲಾಟದ ಮಟ್ಟುಗಳಿಗೆ ದೊರೆಯಬಾರದೆಂದೇನೂ ಇಲ್ಲ. ಮದ್ದಳೆ, ಮುಖವೀಣೆಗಳ ನಾದವನ್ನು ಹಿಡಿದಿಡುವುದು ಇಂದಿನ ಯಂತ್ರಕ್ಕೆ ಕಷ್ಟವಲ್ಲ. ಆದರೆ ಯಾವ ಹೆಜ್ಜೆಗೆ ಯಾವ ಮಟ್ಟು, ಎಲ್ಲಿ ತಡೆಯಬೇಕು, ಎಲ್ಲಿ ತ್ವರೆಗೊಳಿಸಬೇಕೆಂಬುದನ್ನು ಯಂತ್ರಕ್ಕೆ ಹೇಳಿಕೊಡಬಲ್ಲವನು ಹಿಮ್ಮೇಳದಲ್ಲಿ ನಿಂತು ಹಾಡಿದವನೇ. ಅಂತಹವರು ಇರುವಾಗಲೇ ಅವರಿಂದ ಆ ಮಟ್ಟುಗಳನ್ನು ಕೇಳಿ ಬರೆದಿಡತಕ್ಕದ್ದು ವಿದ್ಯಾವಂತರ ಕರ್ತವ್ಯವಾಗಿರುವುದು.