ಬಾರಕೂರಿನ ಅರಸಿಯರು: ಶಾಸನ ಕಂಡದ್ದು, ಪ್ರವಾಸಿ ಕಾಣದ್ದು

ಕ್ರಿ.ಶ. 20ರಲ್ಲಿ ರೋಮಿನ ಸೆನೆಟ್ ಪಿಸೊ ಎಂಬ ಅಧಿಕಾರಿಯ ವಿಚಾರಣೆ ನಡೆಸಿತು. ಅವನ ಹೆಂಡತಿ ಪ್ಲಾಂಕಿನಾಳ ಮೇಲೂ ಗಂಭೀರ ಆರೋಪಗಳಿದ್ದವು. ಆದರೂ ಆಕೆಗೆ ಶಿಕ್ಷೆಯಾಗಲಿಲ್ಲ. ಕಾರಣವನ್ನು ಸೆನೆಟ್ ಮುಚ್ಚಿಡಲಿಲ್ಲ. ಚಕ್ರವರ್ತಿ ಟೈಬೀರಿಯಸನ ತಾಯಿ ಲಿವಿಯಾ ಬೇಡಿಕೊಂಡಿದ್ದಳು. ಸ್ಪೇನಿನಲ್ಲಿ ದೊರೆತ ಕಂಚಿನ ಹಲಗೆಗಳ ಮೇಲೆ ಈ ನಿರ್ಣಯ ಇಂದಿಗೂ ಉಳಿದಿದೆ. ಮತದಾನದ ಹಕ್ಕಾಗಲಿ ಪದವಿಯಾಗಲಿ ಇಲ್ಲದ ಹೆಣ್ಣಿನ ಮಾತು ನ್ಯಾಯವನ್ನೇ ಬಾಗಿಸಬಲ್ಲದಾಗಿತ್ತು. ಆದರೆ ದಾಖಲೆಗೆ ಇಳಿದದ್ದು ವಿನಂತಿಯಾಗಿ, ಆಜ್ಞೆಯಾಗಿ ಅಲ್ಲ.

ಇಂದಿನ ಬ್ರಹ್ಮಾವರ ತಾಲೂಕಿನ ಬಾರಕೂರಿಗೆ ಬಂದರೆ ದಾಖಲೆಯ ದನಿಯೇ ಬೇರೆ. ಸೀತಾನದಿಯ ದಡದ ಈ ಊರು ಆಳುಪ ರಾಜವಂಶದ ರಾಜಧಾನಿಯಾಗಿತ್ತು. 13ನೆಯ ಶತಮಾನದ ಉತ್ತರಾರ್ಧದಲ್ಲಿ ವೀರಪಾಂಡ್ಯನ ನಂತರ ಅವನ ರಾಣಿ ಬಲ್ಲಮಹಾದೇವಿ ಅಧಿಕಾರಕ್ಕೆ ಬಂದಳು. ಸುಮಾರು 1277ರಿಂದ 1292ರವರೆಗೆ ಆಕೆಯ ಆಳ್ವಿಕೆ. ಶಾಸನಗಳು ಆಕೆಯನ್ನು ಯಾರೊಬ್ಬನ ತಾಯಿ, ಯಾರೊಬ್ಬನ ವಿಧವೆ ಎಂದಷ್ಟೇ ಪರಿಚಯಿಸಿ ಸುಮ್ಮನಾಗುವುದಿಲ್ಲ. ‘ಪಾಂಡ್ಯ ಚಕ್ರವರ್ತಿ’ಯಂಥ ಆಳುಪ ದೊರೆಗಳ ಬಿರುದುಗಳೇ ಆಕೆಯ ಹೆಸರಿಗೂ ಸೇರಿವೆ. ಹೊಗಳುಭಟರ ಉತ್ಪ್ರೇಕ್ಷೆ ಎಂದು ಇದನ್ನು ತಳ್ಳಿಹಾಕುವವರಿದ್ದಾರು. ಆದರೆ ದಾನಶಾಸನದಲ್ಲಿ ಬಿರುದಿಗೆ ವ್ಯಾವಹಾರಿಕ ತೂಕವಿರುತ್ತದೆ. ಕೊಟ್ಟ ಭೂಮಿ, ಬಿಟ್ಟ ತೆರಿಗೆ ಯಾರ ಆಜ್ಞೆಯಿಂದ ನಿಂತಿತೆಂಬುದನ್ನು ಅದು ಹೇಳಬೇಕು. ನಾಳೆ ವ್ಯಾಜ್ಯವಾದರೆ ಆಧಾರಕ್ಕಿರುವುದು ಆ ಹೆಸರೇ.

ಹಾಗೆಂದು ಆಕೆಯ ಹಾದಿ ಹೂವಿನದಾಗಿರಲಿಲ್ಲ. ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಆಳುಪ ವಂಶದ ಬಂಕಿದೇವ, ನಾಗದೇವರಸರ ಹೆಸರುಗಳೂ ಶಾಸನಗಳಲ್ಲಿ ಕಾಣಿಸಿಕೊಳ್ಳುತ್ತವೆ. ಸಿಂಹಾಸನಕ್ಕೆ ಪೈಪೋಟಿಯಿದ್ದ ಕಾಲದಲ್ಲಿ ಹದಿನೈದು ವರ್ಷ ಉಳಿದದ್ದು ಸಣ್ಣ ಮಾತಲ್ಲ. ಅಳಿಯಸಂತಾನದ ನಾಡಿನಲ್ಲಿ ಇದು ಸಹಜವೇ ತಾನೆ ಎಂಬ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆ ಕಟ್ಟು ಆಸ್ತಿಯನ್ನು ಹೆಣ್ಣಿನ ಸಂತತಿಯಲ್ಲಿ ಉಳಿಸುತ್ತಿತ್ತು, ಯಜಮಾನಿಕೆಯನ್ನು ಹೆಚ್ಚಾಗಿ ಸೋದರಮಾವನ ಕೈಗೇ ಕೊಡುತ್ತಿತ್ತು. ಮೇಲಾಗಿ ಬಲ್ಲಮಹಾದೇವಿ ಪಟ್ಟಕ್ಕೆ ಬಂದದ್ದು ದೊರೆಯ ಹೆಂಡತಿಯಾಗಿ.

ಎರಡನೆಯ ಅರಸಿ ಚಿಕ್ಕಾಯಿತಾಯಿ. ಹೊಯ್ಸಳ ಮೂರನೆಯ ವೀರಬಲ್ಲಾಳನ ಈ ರಾಣಿ 1330ರ ದಶಕದಿಂದ ಬಾರಕೂರಿನಲ್ಲಿ ಆಡಳಿತ ನಡೆಸಿದಳು. ಉತ್ತರದಿಂದ ದಂಡು ಬರುತ್ತಿದ್ದ ಕಾಲದಲ್ಲಿ ಘಟ್ಟದ ಮೇಲಿನ ದೊರೆಗೆ ಕರಾವಳಿಯ ಬಂದರು, ಅಲ್ಲಿಗೆ ಬರುವ ಕುದುರೆ, ಸುಂಕ ಎಲ್ಲವೂ ಬೇಕಿದ್ದವು. 1342–43ರಲ್ಲಿ ಬಲ್ಲಾಳ ಮಧುರೆಯ ಸುಲ್ತಾನನ ಕೈಯಲ್ಲಿ ಹತನಾದ. 1346ರಲ್ಲಿ ವಿಜಯನಗರದ ಹರಿಹರ ಮತ್ತವನ ತಮ್ಮಂದಿರು ಶೃಂಗೇರಿಯಲ್ಲಿ ಮಠದ ಗುರು ಭಾರತೀತೀರ್ಥರಿಗೆ ಭೂಮಿ ಬಿಟ್ಟಾಗ ಅದೇ ಶಾಸನದಲ್ಲಿ ಬಲ್ಲಾಳನ ರಾಣಿ ಕಿಕ್ಕಾಯಿತಾಯಿಯ ದಾನವೂ ದಾಖಲಾಗಿದೆ. ಈಕೆಯೇ ಚಿಕ್ಕಾಯಿ ಎಂಬುದು ವಿದ್ವಾಂಸರ ಅಭಿಪ್ರಾಯ. ಹಾಗಿದ್ದಲ್ಲಿ ಹಳೆಯ ರಾಜ್ಯ ಮುಳುಗಿ ಹೊಸದು ಏಳುವ ನಡುವೆ ವಿಜಯನಗರದ ಸಹೋದರರ ಪಕ್ಕದಲ್ಲೇ ಆಕೆ ತನ್ನ ಹೆಸರನ್ನು ಕೆತ್ತಿಸಿದ್ದಾಳೆ. ಇದು ರಾಜಕಾರಣವಲ್ಲದೆ ಬೇರೇನು?

ಕುತೂಹಲದ ಸಂಗತಿ ಇನ್ನೊಂದಿದೆ. 1342ರ ಆಸುಪಾಸಿನಲ್ಲೇ ಪ್ರವಾಸಿ ಇಬ್ನ್ ಬತೂತ ಫಾಕನೂರಿಗೆ, ಎಂದರೆ ಬಾರಕೂರಿಗೆ ಬಂದ. ಅಲ್ಲಿನ ದೊರೆಯ ಹೆಸರು ಬಾಸದೇವ, ಅವನಿಗೆ ಮೂವತ್ತರಷ್ಟು ಯುದ್ಧನಾವೆಗಳು, ನಾಯಕ ಲೂಲಾ ಎಂಬ ಮುಸಲ್ಮಾನ ಎಂದೆಲ್ಲ ಬರೆದಿದ್ದಾನೆ. ರಾಣಿಯ ಸುದ್ದಿಯೇ ಇಲ್ಲ. ಹಡಗುಕಟ್ಟೆಯಲ್ಲಿ ಸುಂಕ ಕೇಳುವವನನ್ನೇ ಅರಸನೆಂದು ತಿಳಿದನೋ ಏನೋ. ಪ್ರವಾಸಕಥನವೊಂದೇ ಉಳಿದಿದ್ದರೆ ಚಿಕ್ಕಾಯಿತಾಯಿ ಇತಿಹಾಸದಿಂದ ಅಳಿದೇಹೋಗುತ್ತಿದ್ದಳು.

ಮುಂದೆ ಬೈಂದೂರಿಗೆ ತಾಗಿದ ಭಟ್ಕಳ ಸೀಮೆಯನ್ನು ಚೆನ್ನಭೈರಾದೇವಿ ಆಳಿದಳು. ಸುಮಾರು 1671ರಿಂದ ಕುಂದಾಪುರದ ಬಸರೂರು ಬಂದರು ಕೆಳದಿ ಚೆನ್ನಮ್ಮನ ಆಳ್ವಿಕೆಯಲ್ಲಿತ್ತು. ಇವರಿಬ್ಬರ ಮೇಲೆ ಕಾದಂಬರಿ, ನಾಟಕಗಳಾಗಿವೆ. ಬಾರಕೂರಿನ ಅರಸಿಯರಿಗೆ ಆ ಭಾಗ್ಯ ಒದಗಿದಂತಿಲ್ಲ. ಆದರೂ ಬಲ್ಲಮಹಾದೇವಿಯನ್ನು ಮಗನ ಪರವಾಗಿ ಗಾದಿ ಕಾಯ್ದವಳೆಂದು ಬಗೆಯಲು ಅವಳ ಬಿರುದುಗಳು ಅವಕಾಶ ಕೊಡುವುದಿಲ್ಲ. ಆಳುಪ ದೊರೆಗಳ ವಂಶಾವಳಿಯಲ್ಲಿ ಅವಳ ಸ್ಥಾನ ಸ್ವತಂತ್ರ ಅರಸಿಯದು.