ಪುಟ್ಟ ಮನೆಗಳಿಗೆ ಬಣ್ಣ ಹಚ್ಚಿದವರು

ಡಿಸೆಂಬರ್ ಬಂತೆಂದರೆ ಅಮೆರಿಕದ ಪತ್ರಿಕೆಗಳಲ್ಲಿ ಕ್ರಿಸ್ಮಸ್ ಹಳ್ಳಿಗಳ ಬಗ್ಗೆ ಲೇಖನಗಳು ಕಾಣಿಸಿಕೊಳ್ಳುತ್ತವೆ. ಕ್ರಿಸ್ಮಸ್ ಮರದ ಬುಡದಲ್ಲೋ ಕಿಟಕಿಯ ಕಟ್ಟೆಯಲ್ಲೋ ಸಾಲಾಗಿ ಇಡುವ, ಒಳಗೆ ದೀಪ ಉರಿಯುವ ಅಂಗೈಯಗಲದ ಮನೆಗಳ ಲೇಖನಗಳು. ಯಾವ ಕಂಪನಿ ಯಾವ ವರ್ಷ ಯಾವ ಮನೆ ತಂದಿತು, ಯಾವುದರ ತಯಾರಿಕೆ ನಿಂತಿತು, ಈಗ ಅದರ ಬೆಲೆ ಎಷ್ಟು ಎಂಬುದೇ ಅವುಗಳ ಹೂರಣ. ಅವುಗಳ ಜೊತೆಗೆ ಈಚೆಗೆ ಇನ್ನೊಂದು ಗೀಳು ಸೇರಿದೆ. ಹಳೆಯ ಸಾಮಾನಿನ ಅಂಗಡಿಯಲ್ಲಿ ಯಾರೋ ಬಣ್ಣ ಹಚ್ಚಿದ ಸೆರಾಮಿಕ್ ಮನೆಯನ್ನು ಅಗ್ಗಕ್ಕೆ ಕೊಳ್ಳುವುದು, ಮೇಲಿಂದ ಕೆಳಗೆ ಬಿಳಿ ಸ್ಪ್ರೇ ಹೊಡೆದು ಸೊಗಸಾಯಿತು ಎನ್ನುವುದು. ಬೆಲೆಪಟ್ಟಿ ಬರೆಯುವವರೂ ಸ್ಪ್ರೇ ಹೊಡೆಯುವವರೂ ಕುಂಚ ಹಿಡಿದ ಕೈಯನ್ನು ಲೆಕ್ಕಕ್ಕೆ ಇಟ್ಟಿಲ್ಲ. ಈ ಕಸುಬಿನಲ್ಲೇ ತಲೆ ನರೆತ ನನಗೆ ಅದನ್ನು ನೋಡಿ ಸುಮ್ಮನಿರಲಾಗುತ್ತಿಲ್ಲ.

ಈ ಹಳ್ಳಿಗಳ ಮೊದಲ ಕಾಲದ ಕಥೆ ಬಹಳ ಜನಕ್ಕೆ ಗೊತ್ತು. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಸಂತ ಫ್ರಾನ್ಸಿಸ್ ಯೇಸುವಿನ ಜನನದ ದೃಶ್ಯವನ್ನು ನಿಜವಾದ ಹುಲ್ಲು, ಎತ್ತು, ಕತ್ತೆಗಳೊಂದಿಗೆ ಕಣ್ಣಮುಂದೆ ತಂದರು. 18ನೇ ಶತಮಾನದ ನೇಪಲ್ಸ್‌ನಲ್ಲಿ ಗೋದಲಿಯ ಸುತ್ತ ಇಡೀ ಪೇಟೆಯೇ ಎದ್ದಿತು. ಬೆಂಡು, ಮರ, ಬಣ್ಣಗಳಿಂದ ಹೋಟೆಲು, ಮೀನಂಗಡಿ, ಮುರಿದ ಗೋಡೆ ಎಲ್ಲವೂ ಬಂದವು. ಜರ್ಮನ್ ಮಾತಿನ ಮೊರೇವಿಯನ್ ಕ್ರೈಸ್ತರು ಪೆನ್ಸಿಲ್ವೇನಿಯಾಕ್ಕೆ ಬಂದು 1741ರ ಕ್ರಿಸ್ಮಸ್ ಹಿಂದಿನ ರಾತ್ರಿ ತಮ್ಮ ಊರಿಗೆ ಬೆತ್ಲೆಹೆಮ್ ಎಂದು ಹೆಸರಿಟ್ಟರು. ಪಾಚಿ, ಕಲ್ಲು, ಮರದ ಬೊಂಬೆ ಜೋಡಿಸುವ ‘ಪುಟ್ಸ್’ ಎಂಬ ಅಲಂಕಾರ ಅವರಿಂದಲೇ ಅಲ್ಲಿ ಬೇರೂರಿತು. ಗೋದಲಿಯ ಸುತ್ತಲಿದ್ದ ಊರು ನಿಧಾನವಾಗಿ ಗೋದಲಿಯನ್ನೇ ಬಿಟ್ಟು ತಾನೇ ಅಲಂಕಾರವಾಯಿತು.

ಬಣ್ಣದ ದೃಷ್ಟಿಯಿಂದ ನಿಜವಾದ ತಿರುವು ಬಂದದ್ದು ಜಪಾನಿನಿಂದ. 1920ರ ದಶಕದ ಕೊನೆಯಿಂದ ರಟ್ಟಿನ ಚಿಕ್ಕ ಮನೆಗಳು ಅಮೆರಿಕದ ಅಗ್ಗದ ಅಂಗಡಿಗಳಿಗೆ ರಾಶಿ ರಾಶಿ ಬಂದವು. ಕೆಲವೇ ಸೆಂಟುಗಳ ಬೆಲೆ. ಹಿಂಬದಿಯಲ್ಲೊಂದು ತೂತು, ಅದರೊಳಗೆ ಕ್ರಿಸ್ಮಸ್ ಮರದ ದೀಪಮಾಲೆಯ ಒಂದು ಬಲ್ಬು. ಕಿಟಕಿಗೆ ಬಣ್ಣದ ಸೆಲೋಫೇನ್, ಅಂಗಳದಲ್ಲಿ ಹೀರೆಕಾಯಿ ನಾರಿನ ಮರ, ಚಾವಣಿಯ ಮೇಲೆ ಹಿಮವೆಂದು ಉದುರಿಸಿದ ಹೊಳೆಯುವ ಪುಡಿ. ಗುಲಾಬಿ ಗೋಡೆಗೆ ಹಸಿರು ಚಾವಣಿ, ಕಿತ್ತಳೆ ಗೋಡೆಗೆ ನೀಲಿ ಬಾಗಿಲು. ಇಂಥ ಮನೆ ಲೋಕದ ಯಾವ ಊರಿನಲ್ಲೂ ಇರಲಿಲ್ಲ, ಅದೇ ಅದರ ಚೆಲುವು. ಅಷ್ಟು ಚಿಕ್ಕ ಗೋಡೆಯ ಮೇಲೆ ಅಷ್ಟು ದಿಟ್ಟವಾಗಿ ಬಣ್ಣ ಬಳಸಿದವರು ಅದಕ್ಕೆ ಮುಂಚೆ ಇರಲಿಲ್ಲ, ಅನಂತರವೂ ಕಡಿಮೆ. ಮನೆಯ ಅಡಿಯಲ್ಲಿ ‘ಜಪಾನ್’ ಎಂಬ ಮೊಹರು ಇದೆ, ಮಾಡಿದವರ ಹೆಸರಿಲ್ಲ. ಎರಡನೇ ಮಹಾಯುದ್ಧ ಬಂದು ವ್ಯಾಪಾರ ನಿಂತಿತು, ಯುದ್ಧ ಮುಗಿದ ಮೇಲೆ ಮತ್ತೆ ಶುರುವಾಯಿತಾದರೂ ಆ ಹುರುಪು ಬರಲಿಲ್ಲ. ಹಿಂದೆಯೇ ಪ್ಲಾಸ್ಟಿಕ್ ಬಂತು. ಬಣ್ಣ ಪ್ಲಾಸ್ಟಿಕ್ಕಿನೊಳಗೇ ಬೆರೆತು ಬಂದದ್ದರಿಂದ ಕುಂಚಕ್ಕೆ ಅಲ್ಲಿ ಕೆಲಸವಿರಲಿಲ್ಲ. ನನಗೂ ಅದರ ಬಗ್ಗೆ ಹೇಳುವುದು ಹೆಚ್ಚಿಲ್ಲ.

ನಮ್ಮ ಕಾಲ ಶುರುವಾಗುವುದು ಸೆರಾಮಿಕ್ ಸ್ಟುಡಿಯೋಗಳಿಂದ. 1960ರಿಂದ 80ರ ದಶಕದವರೆಗೆ ಅಮೆರಿಕದ ಸಣ್ಣ ಊರುಗಳಲ್ಲೂ ಇಂಥ ಸ್ಟುಡಿಯೋಗಳಿದ್ದವು. ಬಹಳ ಕಡೆ ಅದು ಒಬ್ಬ ಹೆಂಗಸಿನ ಮನೆಯ ನೆಲಮಾಳಿಗೆ ಅಥವಾ ಗ್ಯಾರೇಜು: ಗೋಡೆಯುದ್ದಕ್ಕೂ ಪ್ಲಾಸ್ಟರ್ ಅಚ್ಚುಗಳು, ಮೂಲೆಯಲ್ಲಿ ವಿದ್ಯುತ್ ಆವಿಗೆ, ನಡುವೆ ಉದ್ದನೆಯ ಮೇಜು. ಸಂಜೆ ಕೆಲಸ ಮುಗಿಸಿ ಬಂದ ಗೃಹಿಣಿಯರು, ನರ್ಸುಗಳು, ಅಂಗಡಿಯ ಗುಮಾಸ್ತೆಯರು ಅಲ್ಲಿ ಕೂತು ಕಲಿತರು. ವಲಸೆ ಬಂದ ನಾನೂ ಅಂಥದೊಂದು ಮೇಜಿನಲ್ಲೇ ಕುಂಚ ಹಿಡಿಯಲು ಕಲಿತೆ, ಆಮೇಲೆ ಕಲಿಸಿದೆ.

ಹೊರಗಿನವರು ಇದನ್ನು ‘ಅಚ್ಚಿಗೆ ಬಣ್ಣ ತುಂಬುವ ಕೆಲಸ’ ಎಂದು ತಳ್ಳಿಹಾಕುತ್ತಾರೆ. ಕೆಲಸ ನೋಡಿದವರು ಹಾಗೆ ಹೇಳಲಾರರು. ನೀರಾದ ಜೇಡಿಮಣ್ಣನ್ನು ಅಚ್ಚಿಗೆ ಹೊಯ್ದರೆ ಪ್ಲಾಸ್ಟರ್ ನೀರನ್ನು ಹೀರಿ ಗೋಡೆ ಕಟ್ಟುತ್ತದೆ. ಮಿಕ್ಕ ಮಣ್ಣನ್ನು ಚೆಲ್ಲಬೇಕು. ಮನೆ ಇನ್ನೂ ಹಸಿಯಿರುವಾಗಲೇ ಚೂಪು ಚಾಕುವಿನಿಂದ ಕಿಟಕಿ ಕೊರೆಯಬೇಕು, ಒಂದು ಕಂಬಿ ಮುರಿದರೆ ಬೆಳಕು ಅಲ್ಲಿ ಕುರೂಪವಾಗಿ ಸೋರುತ್ತದೆ. ಒಣಗಿದ ಮೇಲೆ ಅಚ್ಚಿನ ಗೆರೆಗಳನ್ನು ಕೆರೆದು ಸ್ಪಂಜಿನಿಂದ ಒರೆಸಿ, ಸುಮಾರು 1060 ಡಿಗ್ರಿ ಸೆಲ್ಸಿಯಸ್‌ಗೆ ಸುಡಬೇಕು. ಇಲ್ಲಿಂದ ದಾರಿ ಎರಡಾಗುತ್ತದೆ. ಗ್ಲೇಜ್ ಎಂಬ ಹೊಳಪಿನ ಲೇಪ ಹಚ್ಚಿ ಮತ್ತೊಮ್ಮೆ ಸುಟ್ಟರೆ ಮಿರುಗುವ ಮನೆ ಸಿಗುತ್ತದೆ, ಗಟ್ಟಿಮುಟ್ಟು. ಆದರೆ ಆ ದಪ್ಪ ಹೊಳಪಿನಡಿ ಇಟ್ಟಿಗೆಯೂ ಹಲಗೆಯೂ ಮುಳುಗಿಹೋಗುತ್ತವೆ.

ಎರಡನೆಯ ದಾರಿ ಒಣಕುಂಚದ್ದು. ಸುಟ್ಟ ಮಣ್ಣಿಗೆ ಮೊದಲು ಗಾಢ ಕಂದು ಅಥವಾ ಕಪ್ಪು. ಆಮೇಲೆ ಕುಂಚವನ್ನು ತಿಳಿ ಬಣ್ಣದಲ್ಲಿ ಅದ್ದಿ, ಕಾಗದದ ಮೇಲೆ ಒರೆಸಿ ಒರೆಸಿ, ಬಣ್ಣ ಉಳಿದಿದೆಯೋ ಇಲ್ಲವೋ ಎಂಬಷ್ಟಾದಾಗ ಗೋಡೆಯ ಮೇಲೆ ಆಡಿಸಬೇಕು. ಉಬ್ಬಿದ ಅಂಚು ಮಾತ್ರ ಬಣ್ಣ ಹಿಡಿಯುತ್ತದೆ, ಸಂದುಗಳಲ್ಲಿ ಕತ್ತಲೆ ಉಳಿಯುತ್ತದೆ. ಹೀಗೆ ನಾಲ್ಕೈದು ಸಲ, ಪ್ರತಿ ಸಲವೂ ಒಂದಿಷ್ಟು ತಿಳಿ. ಗೋಡೆಗೆ ವಯಸ್ಸು ಬರುತ್ತದೆ. ಹಂಚಿನ ಮೇಲೆ ಮಳೆ ಬಿದ್ದ, ಮೆಟ್ಟಿಲು ಸವೆದ ಗುರುತು ಕಾಣುತ್ತದೆ. ಪುಟ್ಟ ಮನೆಯ ಚಿತ್ರಕಲೆ ಪ್ರೌಢವಾದದ್ದು ಇಲ್ಲಿಯೇ. ಒಂದೇ ಅಚ್ಚಿನ ಹತ್ತು ಮನೆಗಳನ್ನು ಮೇಜಿನ ಮೇಲಿಟ್ಟರೆ ಯಾವುದು ಯಾರ ಕೈಯದು ಎಂದು ನಾವು ದೂರದಿಂದಲೇ ಹೇಳುತ್ತಿದ್ದೆವು.

ಮಿನ್ನೆಸೋಟದ ಡಿಪಾರ್ಟ್‌ಮೆಂಟ್ 56 ಕಂಪನಿ 1976ರಲ್ಲಿ ದೀಪದ ಆರು ಸೆರಾಮಿಕ್ ಮನೆಗಳ ‘ಸ್ನೋ ವಿಲೇಜ್’ ತಂದಿತು, 1984ರಲ್ಲಿ ಪಿಂಗಾಣಿಯ ‘ಡಿಕನ್ಸ್ ವಿಲೇಜ್’. ಈಗಿನ ಬರಹಗಳಲ್ಲಿ ಚರಿತ್ರೆ ಇಲ್ಲಿಂದಲೇ ಆರಂಭ. ಆ ಮನೆಗಳ ವಿನ್ಯಾಸ ಚೆನ್ನಾಗಿತ್ತು, ಸಾವಿರಾರು ಸಂಸಾರಗಳಲ್ಲಿ ಹಳ್ಳಿ ಜೋಡಿಸುವ ರೂಢಿಯನ್ನು ಅವು ಉಳಿಸಿದವು, ಒಪ್ಪುತ್ತೇನೆ. ಆದರೆ ಅವುಗಳಿಗೂ ಕೈಯಿಂದಲೇ ಬಣ್ಣ ಹಚ್ಚಿದ್ದು, ಮೊದಲು ತೈವಾನಿನಲ್ಲಿ, ಆಮೇಲೆ ಚೀನಾದಲ್ಲಿ. ಸಂಗ್ರಾಹಕರ ಪುಸ್ತಕಗಳಲ್ಲಿ ಮನೆಯ ಹೆಸರಿದೆ, ಬಂದ ವರ್ಷವಿದೆ, ನಿಂತ ವರ್ಷವಿದೆ. ಬಣ್ಣ ಹಚ್ಚಿದವರ ಜಾಗ ಖಾಲಿ.

ಬೆಳಕಿನ ಮಾತನ್ನೂ ಯಾರೂ ಎತ್ತುವುದಿಲ್ಲ. ನಾವು ಬಣ್ಣ ಬೆರೆಸುತ್ತಿದ್ದುದು ಹಳೆಯ ತಂತಿ ಬಲ್ಬಿನ ಹಳದಿ ಬೆಳಕನ್ನು ನೆನೆದು. ಕಿಟಕಿಯ ಚೌಕಟ್ಟಿನ ಕಂದು, ಹೊಸ್ತಿಲ ಹಿಮದ ಮೇಲಿನ ತುಸು ನೀಲಿ, ಎಲ್ಲವೂ ಆ ಹಳದಿಗೆ ಹೊಂದುವಂಥವು. ಅದೇ ಮನೆಯೊಳಗೆ ಬೆಳ್ಳಗಿನ ಎಲ್ಇಡಿ ಇಟ್ಟರೆ ಕಂದು ಬೂದಿಯಾಗುತ್ತದೆ, ಹಿಮ ಸುಣ್ಣವಾಗುತ್ತದೆ. ಹಳೆಯ ಮನೆಗಳ ಬಣ್ಣ ‘ಮಂಕು’ ಎನ್ನುವವರು ಮೊದಲು ಬಲ್ಬು ಬದಲಿಸಿ ನೋಡಲಿ. 2700 ಕೆಲ್ವಿನ್ ಎಂದು ಬರೆದ, ಹಳದಿ ಬೆಳಕಿನ ಎಲ್ಇಡಿ ಸಾಕು, ಬಿಸಿಯೂ ಕಡಿಮೆ.

ನಮ್ಮ ಮಂಗಳೂರಿನ ಕಡೆಯ ಗೋದಲಿಗಳಲ್ಲೂ ಮನೆಗಳಿವೆ. ರಟ್ಟು, ಥರ್ಮಾಕೋಲ್‌ಗಳಲ್ಲಿ ಹಂಚಿನ ಮಾಡು, ಬಾವಿ, ಹಟ್ಟಿ ಮಾಡಿ ಹುಡುಗರು ಬಣ್ಣ ಹಚ್ಚುತ್ತಾರೆ. ಚರ್ಚುಗಳಲ್ಲಿ ಸ್ಪರ್ಧೆಗಳೂ ನಡೆಯುತ್ತವೆ. ಬೆತ್ಲೆಹೆಮ್ಮನ್ನು ಕರಾವಳಿಯ ಕೆಂಪು ಹಂಚಿನಡಿ ತಂದಿಟ್ಟ ಆ ಧೈರ್ಯ ಜಪಾನಿನ ಗುಲಾಬಿ ಗೋಡೆಗಳ ಧೈರ್ಯಕ್ಕೆ ಕಡಿಮೆಯದಲ್ಲ. ಜನವರಿಯಲ್ಲಿ ಎಲ್ಲವನ್ನೂ ಬಿಚ್ಚಿ ಎಸೆಯುತ್ತೇವೆ. ಬಹುಮಾನ ಪಡೆದ ಒಂದೆರಡನ್ನಾದರೂ ಎತ್ತಿಡುವ ಕಪಾಟು ಒಂದೊಂದು ಚರ್ಚಿನಲ್ಲೂ ಇರಬೇಕಿತ್ತು.

ಅಮೆರಿಕದ ಆ ಸೆರಾಮಿಕ್ ಸ್ಟುಡಿಯೋಗಳು ಬಹುಪಾಲು ಮುಚ್ಚಿದವು. ನಡೆಸುತ್ತಿದ್ದವರಿಗೆ ವಯಸ್ಸಾಯಿತು, ಹೊರೆಯಾದ ಅಚ್ಚುಗಳು ಕಸಕ್ಕೆ ಹೋದವು. ಈಗಿನವರು ಮರದ ತುಂಡಿಗೋ ತ್ರೀಡಿ ಮುದ್ರಣದ ಮನೆಗೋ ಬಣ್ಣ ಹಚ್ಚುತ್ತಾರೆ. ಹಚ್ಚಲಿ, ಒಣಕುಂಚ ಅದರ ಮೇಲೂ ನಡೆಯುತ್ತದೆ. ಅವರಲ್ಲಿ ನನ್ನದೊಂದು ಕೋರಿಕೆ. ಸ್ಪ್ರೇ ಡಬ್ಬಿ ಎತ್ತುವ ಮುನ್ನ ಹಳೆಯ ಮನೆಯನ್ನು ಬೋರಲು ಹಾಕಿ ನೋಡಿ. ಅಡಿಯಲ್ಲಿ ಮಣ್ಣಿಗೆ ಗೀರಿದ ಒಂದು ಹೆಸರು, ಒಂದು ಇಸವಿ ಎಷ್ಟೋ ಬಾರಿ ಸಿಗುತ್ತದೆ. ಸಿಕ್ಕರೆ ಅದರ ಮೇಲೆ ಬಿಳಿ ಬಳಿಯಬೇಡಿ. ನೀವು ಬಣ್ಣ ಹಚ್ಚಿದ ಮನೆಯ ಅಡಿಯಲ್ಲೂ ನಿಮ್ಮ ಹೆಸರು, ಊರು, ವರ್ಷ ಬರೆಯಿರಿ.