ಮುಳುಗಿದ ದುಡ್ಡಿನ ಮೇಲೊಂದು ಬೆಳಗಿನ ಓಟ

ಮುಂಬೈಯ ಮೇ ತಿಂಗಳಲ್ಲಿ ಓಡುತ್ತೇನೆ ಅಂದರೆ ಊರ ಕಡೆಯ ನೆಂಟರು ನಗುತ್ತಾರೆ. ಅವರು ನಗುವುದೂ ಸರಿಯೇ, ಇಲ್ಲಿ ಬೆವರು ಆರುವುದೇ ಇಲ್ಲ. ಆದರೂ ಬೆಳಿಗ್ಗೆ ಐದೂವರೆಗೆ ನಾರಿಮನ್ ಪಾಯಿಂಟ್‌ನಿಂದ ಹೊರಟು ಮರೀನ್ ಡ್ರೈವ್ ಗುಂಟ ಗಿರ್ಗಾಂವ್ ಚೌಪಾಟಿಯ ಕಡೆಗೆ ಮೂರೂವರೆ ಕಿಲೋಮೀಟರ್ ಓಡಿದರೆ ಸಿಗುವ ಸುಖವೇ ಬೇರೆ. ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಆರ್ಟ್ ಡೆಕೊ ಕಟ್ಟಡಗಳ ಸಾಲು, ಎದುರಿಗೆ ಮಲಬಾರ್ ಹಿಲ್. ಗೇಟಿಲ್ಲ, ಟಿಕೆಟ್ಟಿಲ್ಲ. ದೊಡ್ಡ ಸಾಹೇಬರೂ, ರಾತ್ರಿ ಪಾಳಿ ಮುಗಿಸಿದ ವಾಚ್‌ಮನ್ನೂ ಒಂದೇ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತಾರೆ.

ನಾವು ಓಡುವ ಈ ಜಾಗ ಒಂದು ಕಾಲಕ್ಕೆ ಸಮುದ್ರವೇ ಆಗಿತ್ತು ಎಂಬುದು ಬಹಳ ಜನರಿಗೆ ಗೊತ್ತು. ಇದನ್ನು ತುಂಬಲು ಹೋಗಿ ಒಂದು ಬ್ಯಾಂಕೇ ಮುಳುಗಿತು ಎಂಬುದು ಅಷ್ಟಾಗಿ ಗೊತ್ತಿಲ್ಲ. ಬ್ಯಾಂಕಿನಲ್ಲೇ ತಲೆ ನರೆತವನು ನಾನು, ಹಾಗಾಗಿ ಈ ಕಥೆ ನನಗೆ ಸ್ವಲ್ಪ ಹೆಚ್ಚೇ ತಾಗುತ್ತದೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿನ ಹತ್ತಿ ಲ್ಯಾಂಕಾಶೈರ್ ಗಿರಣಿಗಳಿಗೆ ಬರುವುದು ನಿಂತಿತು. ಬಾಂಬೆಯಿಂದ ಹೋಗುವ ಹತ್ತಿಗೆ ಬಂಗಾರದ ಬೆಲೆ ಬಂತು. ಬಂದ ದುಡ್ಡು ಎಲ್ಲಿ ಹಾಕುವುದು? ಸಮುದ್ರ ತುಂಬಿ ಜಾಗ ಮಾಡುವ ಕಂಪನಿಗಳು ಹುಟ್ಟಿಕೊಂಡವು. ಅದರಲ್ಲಿ ಬ್ಯಾಕ್ ಬೇ ರೆಕ್ಲಮೇಶನ್ ಕಂಪನಿಯೂ ಒಂದು. ಅದರ 5,000 ರೂಪಾಯಿಯ ಷೇರಿನ ಬೆಲೆ 50,000ದ ಆಸುಪಾಸಿಗೆ ಹೋಯಿತಂತೆ! ಈ ಆಟದ ದೊಡ್ಡ ಆಟಗಾರ ಪ್ರೇಮಚಂದ್ ರಾಯ್‌ಚಂದ್. ತಾಯಿಯ ಹೆಸರಲ್ಲಿ ರಾಜಾಬಾಯಿ ಗಡಿಯಾರ ಗೋಪುರಕ್ಕೆ ದುಡ್ಡು ಕೊಟ್ಟವರು ಇವರೇ.

1863ರಲ್ಲಿ ಬ್ಯಾಂಕ್ ಆಫ್ ಬಾಂಬೆಗೆ ಕಂಪನಿ ಷೇರುಗಳ ಆಧಾರದ ಮೇಲೆ ಸಾಲ ಕೊಡಲು ಕಾನೂನಿನ ಅನುಮತಿ ಸಿಕ್ಕಿತು. ಷೇರು ಏರಿದಷ್ಟೂ ಸಾಲ, ಸಾಲ ಸಿಕ್ಕಷ್ಟೂ ಷೇರು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಬಿತ್ತು. ವಾಯಿದೆ ವ್ಯಾಪಾರ ಚುಕ್ತಾ ಮಾಡಬೇಕಾದ ದಿನ 1865ರ ಜುಲೈ 1. ಕೊಡುವವರೇ ಇಲ್ಲ. ಅಡವಿಟ್ಟ ಷೇರು ಬರೀ ಕಾಗದವಾಯಿತು. ಬ್ಯಾಂಕ್ ಆಫ್ ಬಾಂಬೆಯ ಬಂಡವಾಳದ ಬಹುಪಾಲು ಕರಗಿ 1868ರಲ್ಲಿ ಅದು ಬಾಗಿಲು ಹಾಕಿತು. ಅದರ ಜಾಗಕ್ಕೆ ಹೊಸ ಬ್ಯಾಂಕ್ ಆಫ್ ಬಾಂಬೆ ಬಂತು. ಅದು 1921ರಲ್ಲಿ ಇಂಪೀರಿಯಲ್ ಬ್ಯಾಂಕಿನಲ್ಲಿ ಸೇರಿತು, ಇಂಪೀರಿಯಲ್ ಬ್ಯಾಂಕು 1955ರಲ್ಲಿ ಸ್ಟೇಟ್ ಬ್ಯಾಂಕ್ ಆಯಿತು. ಕಂಪನಿ ತುಂಬಿದ ಕಿರಿದಾದ ಪಟ್ಟಿಯ ಮೇಲೆ ರೈಲು ಓಡಿತು. ಇಂದಿನ ವೆಸ್ಟರ್ನ್ ರೈಲ್ವೆಯ ಚರ್ಚ್‌ಗೇಟ್ ಬದಿ ಅದೇ.

ಎರಡನೇ ಸಲ ಈ ಕೆಲಸಕ್ಕೆ ಕೈಹಾಕಿದ್ದು ಸರ್ಕಾರವೇ. ಚೌಪಾಟಿ ಕಡೆಯ ಕೆನಡಿ ಸೀ ಫೇಸ್‌ಗೆ 1915ರ ಡಿಸೆಂಬರ್‌ನಲ್ಲಿ ಕಲ್ಲು ಹಾಕಿದ್ದರು. 1920ರ ಹೊತ್ತಿಗೆ ಗವರ್ನರ್ ಜಾರ್ಜ್ ಲಾಯ್ಡ್ ಅವರು ಕೊಲಾಬಾವರೆಗೆ 1,145 ಎಕರೆ ತುಂಬುವ ಯೋಜನೆ ಹಿಡಿದರು. ಖರ್ಚು ಏರುತ್ತಲೇ ಹೋಯಿತು, ಕೆಲಸ ಮಾತ್ರ ಸಾಗಲಿಲ್ಲ. ಜನ ಇದಕ್ಕೆ ಲಾಯ್ಡ್‌ನ ಹುಚ್ಚಾಟ ಅಂತ ಹೆಸರಿಟ್ಟರು. ಇದರ ಅವ್ಯವಹಾರವನ್ನು ಬಯಲಿಗೆಳೆದವರು ವಕೀಲ ಖುರ್ಷೆದ್ ನಾರಿಮನ್. ಹಾರ್ವಿ ಎಂಬ ಎಂಜಿನಿಯರ್ ಅವರ ಮೇಲೆ ಮಾನಹಾನಿ ಕೇಸು ಹಾಕಿದ. 1928ರಲ್ಲಿ ನಾರಿಮನ್ ಖುಲಾಸೆಯಾದರು. ಎಂಟು ಭಾಗಗಳ ಯೋಜನೆ ನಾಲ್ಕಕ್ಕೇ ನಿಂತಿತು, ಸಿಕ್ಕಿದ ನೆಲ ಸುಮಾರು 440 ಎಕರೆ. ಮರೀನ್ ಡ್ರೈವ್ ನಮಗೆ ದಕ್ಕಿದ್ದು ಆ ಅರ್ಧ ಕೆಲಸದಲ್ಲಿ.

ತಮಾಷೆ ನೋಡಿ, ಸ್ವಾತಂತ್ರ್ಯದ ನಂತರ ಸಮುದ್ರವನ್ನು ಮತ್ತಷ್ಟು ತುಂಬಿ ಮಾಡಿದ ಜಾಗಕ್ಕೇ ನಾರಿಮನ್ ಪಾಯಿಂಟ್ ಅಂತ ಹೆಸರಿಟ್ಟರು! ಲೆಕ್ಕ ಕೇಳಿದವನ ಹೆಸರು ಈಗ ದೇಶದ ದುಬಾರಿ ಆಫೀಸುಗಳ ವಿಳಾಸದಲ್ಲಿದೆ. ಅಲ್ಲಿ ಕೆಲಸ ಮಾಡುವ ಹುಡುಗರನ್ನು ಕೇಳಿದರೆ ನಾರಿಮನ್ ಯಾರೆಂದು ಹೆಚ್ಚಿನವರಿಗೆ ಗೊತ್ತಿಲ್ಲ.

ಈಗ ಚೌಪಾಟಿಯ ಆಚೆ ಮತ್ತೆ ಸಮುದ್ರ ತುಂಬಿ ಕೋಸ್ಟಲ್ ರೋಡ್ ಆಗಿದೆ. 2024ರ ಮಾರ್ಚ್‌ನಲ್ಲಿ ಅದರ ಮೊದಲ ಭಾಗ ತೆರೆಯಿತು, 2025ರ ಆಗಸ್ಟ್‌ನಲ್ಲಿ ಪಕ್ಕದ ಕಾಲುದಾರಿಯೂ ಜನರಿಗೆ ಸಿಕ್ಕಿತು. ಓಡುವವನಾಗಿ ನನಗೆ ಖುಷಿಯೇ. ಆದರೆ ವರ್ಲಿಯ ಕೋಳಿ ಮೀನುಗಾರರು ತಮ್ಮ ದೋಣಿಗಳ ದಾರಿಗಾಗಿ ವರ್ಷಗಟ್ಟಲೆ ಹೋರಾಡಬೇಕಾಯಿತು. ಹಳೆಯ ಕಡತಗಳಲ್ಲಿ ಷೇರಿನ ಬೆಲೆ, ಕಲ್ಲು ಮಣ್ಣಿನ ಖರ್ಚು ಎಲ್ಲ ಸಿಗುತ್ತದೆ. ಸಮುದ್ರ ಕಳೆದುಕೊಂಡವರ ಖಾತೆ ಮಾತ್ರ ಯಾರೂ ತೆರೆದಂತಿಲ್ಲ.

ಮುಂಬೈಗೆ ಬಂದರೆ ಒಂದು ಬೆಳಿಗ್ಗೆ ಆರರೊಳಗೆ ಇಲ್ಲಿಗೆ ಬನ್ನಿ, ನೀರಿನ ಬಾಟಲಿ ಮರೆಯಬೇಡಿ. ಓಡಲಾಗದಿದ್ದರೆ ನಡೆಯಿರಿ. ಚರ್ಚ್‌ಗೇಟ್ ಹತ್ತಿರ ಬಂದಾಗ ಒಮ್ಮೆ ಬಲಕ್ಕೆ ತಿರುಗಿ ರೈಲು ಹಳಿ ಎಷ್ಟು ದೂರವಿದೆ ಅಂತ ನೋಡಿ. ಒಂದು ಕಾಲಕ್ಕೆ ಅಲೆ ಅಲ್ಲಿಯವರೆಗೂ ಬರುತ್ತಿತ್ತು.